ಪೌಡರ್ ಹಚ್ಚದ ಮುಖ

ಟಾಲ್ಕಂ ಪೌಡರಿನ ವಾಸನೆ ಬಂದರೆ ನನಗೆ ಹೊಟ್ಟೆ ತೊಳಸುತ್ತದೆ. ಲಿಫ್ಟಿನಲ್ಲಿ ಯಾರಾದರೂ ಕತ್ತಿಗೆ ಬಳಿದುಕೊಂಡು ಬಂದಿದ್ದರೆ ನನ್ನ ಮಹಡಿ ಬರುವವರೆಗೆ ಉಸಿರು ಬಿಗಿಹಿಡಿದು ನಿಲ್ಲುತ್ತೇನೆ. ಇದಕ್ಕೆ ಔಷಧವಿಲ್ಲ. ನಾನು ಸಿದ್ದಿ ಹೆಂಗಸು. ಯಾವ ಕಾಲದಲ್ಲೋ ಆಫ್ರಿಕಾದಿಂದ ಹಡಗಿಗೆ ತುಂಬಿ ಗೋವೆಯಲ್ಲಿ ಇಳಿಸಿದ ಜನ ಅಲ್ಲಿಂದ ತಪ್ಪಿಸಿಕೊಂಡು ಯಲ್ಲಾಪುರ, ಹಳಿಯಾಳದ ಕಾಡು ಸೇರಿದರು. ನಾನು ಆ ಕಡೆಯವಳು. ಶಾಲೆಯಲ್ಲಿ ಗ್ರೂಪ್ ಫೋಟೋ ತೆಗೆಯುವ ದಿನ ಟೀಚರು ಉಳಿದ ಮಕ್ಕಳಿಗೆ ಬಾಚಣಿಗೆ ಕೊಡುತ್ತಿದ್ದರು. ನಮ್ಮ ಕೇರಿಯ ಮಕ್ಕಳನ್ನು ಮಾತ್ರ ಪಕ್ಕಕ್ಕೆ ಕರೆದು ಮುಖದ ಮೇಲೆ ಪೌಡರ್ ಡಬ್ಬಿ ಅಲುಗಾಡಿಸುತ್ತಿದ್ದರು. ಫೋಟೋ ಬಂದಾಗ ನಾವು ಒಲೆಯ ಬೂದಿಯಲ್ಲಿ ಹೊರಳಿ ಬಂದ ಬೆಕ್ಕಿನ ಮರಿಗಳಂತೆ ಇರುತ್ತಿದ್ದೆವು. "ಈಗ ನೋಡಿ, ಎಷ್ಟು ಲಕ್ಷಣ!" ಎಂದು ಟೀಚರು ಖುಷಿಪಡುತ್ತಿದ್ದರು.

ಆ ಡಬ್ಬಿ ಸಮುದ್ರ ದಾಟಿ ಅಬುಧಾಬಿಗೂ ಬಂದೀತೆಂದು ನಾನು ಎಣಿಸಿರಲಿಲ್ಲ.

ಇಲ್ಲಿ ಖಾಲಿದಿಯಾದ ಒಂದು ಕ್ಲಿನಿಕ್ಕಿನಲ್ಲಿ ನಾನು ಎಕ್ಸ್‌ರೇ ತೆಗೆಯುತ್ತೇನೆ. "ನಿನ್ನ ಮಷಿನ್ ಮುಂದೆ ಎಲ್ಲರೂ ಒಂದೇ ಬಣ್ಣ ಅಲ್ವಾ" ಎಂದು ಜೊತೆಯವರು ತಮಾಷೆ ಮಾಡುತ್ತಾರೆ. ನಾನು ನಗುವುದಿಲ್ಲ. ಕ್ಲಿನಿಕ್ಕಿನ ಕೆಳಗೆ ಒಂದು ಫೋಟೋ ಸ್ಟುಡಿಯೋ ಇದೆ, ವೀಸಾ ಫೋಟೋ ತೆಗೆಯುವಂಥದ್ದು. ಅಲ್ಲಿ ಕೆಲಸ ಮಾಡುವ ಉಳ್ಳಾಲದ ಕಡೆಯ ಬ್ಯಾರಿ ಹೆಂಗಸು ನನ್ನ ಗೆಳತಿ. ದಿನವಿಡೀ ಕಂಪ್ಯೂಟರಿನ ಮುಂದೆ ಕೂತು ಜನರ ಮುಖ ಬೆಳ್ಳಗೆ ಮಾಡುವುದು ಅವಳ ಕೆಲಸ. ಗಿರಾಕಿಗಳು ಕೇಳುತ್ತಾರೆ, ಮಾಡದಿದ್ದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ. ಒಂದು ದಿನ ಕೆಫೆಟೇರಿಯಾದಲ್ಲಿ ಕರಕ್ ಚಹಾ ಕುಡಿಯುತ್ತಾ ಅವಳೇ ಶುರುಮಾಡಿದಳು.

"ಸಾಕಾಯ್ತು ಮಾರಾಯ್ತಿ. ಒಂದಾದ್ರೂ ಮುಖ ಇದ್ದ ಹಾಗೆ ತೆಗೀಬೇಕು ಅಂತ ಆಸೆ ಉಂಟು. ಕ್ಯಾಮೆರಾ ನನ್ನದು ಉಂಟಲ್ಲ. ಜನ ನೀನು ಕರ್ಕೊಂಡು ಬಾ."

ಹೀಗೆ ಹುಟ್ಟಿತು ನಮ್ಮ ಸಿನಿಮಾ. ಸಂಸ್ಥೆಯಿಲ್ಲ, ಹೆಸರಿಲ್ಲ, ರಜೆಯ ದಿನ ಖಾಲಿ ಇರುವ ಇಬ್ಬರು ಹೆಂಗಸರು ಅಷ್ಟೆ. ನಮ್ಮಂಥ ಕಪ್ಪು ಹೆಂಗಸರು ಈ ಊರಿಗೆ ಮೊದಲು ಹೇಗೆ ಬಂದರು, ಬಂದು ಏನು ಮಾಡಿದರು ಎನ್ನುವುದನ್ನು ಅವರ ಬಾಯಲ್ಲೇ ಹೇಳಿಸಿ ಇಟ್ಟುಕೊಳ್ಳಬೇಕು ಎನ್ನುವುದಷ್ಟೇ ನಮ್ಮ ತಲೆಯಲ್ಲಿದ್ದದ್ದು. ಯಾರಿಂದ ಶುರು ಮಾಡಬೇಕು ಎನ್ನುವುದರಲ್ಲಿ ನನಗೆ ಅನುಮಾನವಿರಲಿಲ್ಲ.

ನಾನು ಅವಳನ್ನು ದೊಡ್ಡಮ್ಮ ಎಂದು ಕರೆಯುತ್ತೇನೆ. ನೆಂಟಸ್ತಿಕೆಯೇನಿಲ್ಲ. ನಮ್ಮ ಕಾಡಿನ ಕಡೆಯಿಂದ ಕೊಲ್ಲಿಗೆ ವಿಮಾನ ಹತ್ತಿದ ಮೊದಲ ಮೂವರು ಹೆಂಗಸರಲ್ಲಿ ಅವಳೊಬ್ಬಳು. ಒಬ್ಬಳು ಆಸ್ಪತ್ರೆಯ ಲಾಂಡ್ರಿಗೆ, ಒಬ್ಬಳು ಯಾರದೋ ವಿಲ್ಲಾದ ಅಡಿಗೆಮನೆಗೆ, ದೊಡ್ಡಮ್ಮ ಹೆರಿಗೆ ವಾರ್ಡಿಗೆ. ನಮ್ಮವರಲ್ಲಿ ನರ್ಸಿಂಗ್ ಓದಿದ ಮೊದಲಿಗಳು ಅವಳೇ. ಉಳಿದ ಇಬ್ಬರೂ ಈಗಿಲ್ಲ. ದೊಡ್ಡಮ್ಮನ ಕೆಲಸ ಮುಗಿದಿತ್ತು, ಎರಡು ಮೂರು ತಿಂಗಳಲ್ಲಿ ವೀಸಾ ಕ್ಯಾನ್ಸಲ್ ಆಗಿ ಊರಿಗೆ ಹೊರಡುವವಳಿದ್ದಳು. ಖಲೀಫಾ ಸಿಟಿಯ ಒಂದು ವಿಲ್ಲಾದ ಮೇಲಂತಸ್ತಿನ ಕೋಣೆಯಲ್ಲಿ ಪೆಟ್ಟಿಗೆ ಕಟ್ಟುತ್ತಿದ್ದವಳ ಮುಂದೆ ಹೋಗಿ ನಾವು ವಿಷಯ ಹೇಳಿದೆವು.

ಅವಳು ಎದ್ದು ಒಂದು ಪ್ಲಾಸ್ಟಿಕ್ ಚೀಲ ತಂದು ಹಾಸಿಗೆಯ ಮೇಲೆ ಸುರುವಿದಳು. ತುಂಬ ಫೋಟೋಗಳು. ಹುಬ್ಬಳ್ಳಿಯ ಸ್ಟುಡಿಯೋದಲ್ಲಿ ಪಾಸ್‌ಪೋರ್ಟಿಗೆಂದು ತೆಗೆಸಿದ್ದರಲ್ಲಿ ಮೂವರು ಗೆಳತಿಯರ ಮುಖಕ್ಕೂ ಪೌಡರ್ ಮೆತ್ತಿ, ಮೇಲೆ ಫ್ಲ್ಯಾಶ್ ಹೊಡೆದು, ಕಣ್ಣಿನ ಜಾಗದಲ್ಲಿ ಮಾತ್ರ ಮನುಷ್ಯರು ಉಳಿದಿದ್ದರು. ಆಸ್ಪತ್ರೆಯ ಗ್ರೂಪ್ ಫೋಟೋಗಳಲ್ಲಿ ಇದರ ತಿರುಗುಮುರುಗು. ಬಿಳಿಯರಿಗೂ ಮಲಯಾಳಿ ನರ್ಸುಗಳಿಗೂ ಸರಿಹೋಗುವಂತೆ ತೆಗೆದದ್ದರಿಂದ ದೊಡ್ಡಮ್ಮ ಕೊನೆಯ ಸಾಲಿನಲ್ಲಿ ಕಪ್ಪು ಮಚ್ಚೆ, ಮಚ್ಚೆಯೊಳಗೆ ಹಲ್ಲು.

"ಇಷ್ಟರಾಗೆ ನಾನು ಎಲ್ಲಿ ಅದೀನಿ, ಹುಡುಕು" ಎಂದಳು. ನಾವು ಮಾತಾಡುವುದು ಕೊಂಕಣಿ ಬೆರೆತ ನಮ್ಮದೇ ಮಾತು, ನಡುನಡುವೆ ಹಳಿಯಾಳದ ಕನ್ನಡ. "ಆ ಇಬ್ರೂ ಹೋದ್ರು. ಅವರ ಮುಖ ಹೆಂಗಿತ್ತು ಅಂತ ಅವರ ಮಕ್ಕಳಿಗೂ ಗೊತ್ತಿಲ್ಲ, ಪೌಡರ್ ಗೊತ್ತು. ನನ್ನ ಮುಖ ಇದ್ದಂಗೇ ಬರ್ತದ ಅಂದ್ರೆ ತೆಗೀರಿ. ಇಲ್ಲಂದ್ರ ಬ್ಯಾಡ. ಅದೊಂದೇ ಮಾತು ನಂದು."

ನಾನು ಮಾತು ಕೊಟ್ಟೆ.

ಮೊದಲ ದಿನ ಪೂರ್ತಿ ಬೆಳಕಿಗೇ ಹೋಯಿತು. ಗೆಳತಿ ಬಿಳಿ ಗೋಡೆಗೆ ಕಂದು ಬಣ್ಣದ ಕಂಬಳಿ ಹೊದಿಸಿದಳು. ಹಿಂದೆ ಬಿಳಿ ಇದ್ದರೆ ಕ್ಯಾಮೆರಾ ಅದನ್ನೇ ನೋಡಿ ಮುಖವನ್ನು ಕತ್ತಲಿಗೆ ತಳ್ಳುತ್ತದಂತೆ. ಕಿಟಕಿಯ ಎದುರು ಬೆಡ್‌ಶೀಟ್ ಕಟ್ಟಿ, ಅದರ ಮೇಲೆ ಬಿದ್ದ ಬಿಸಿಲು ಮೆತ್ತಗೆ ದೊಡ್ಡಮ್ಮನ ಕೆನ್ನೆಗೆ ತಿರುಗುವಂತೆ ಮಾಡಿದಳು. ಒಂದು ಮೇಜಿನ ದೀಪವನ್ನು ಪಕ್ಕದಲ್ಲಿ, ತೀರಾ ಹತ್ತಿರ ಇಟ್ಟಳು. ಆಮೇಲೆ ಬಚ್ಚಲಿಗೆ ಹೋಗಿ ಸೋಪು ಹಾಕಿ ಮುಖ ತೊಳೆದು ಬರಲು ಹೇಳಿ, ಅಂಗೈಗೆ ತೆಂಗಿನೆಣ್ಣೆ ಸುರಿದುಕೊಂಡು ತಾನೇ ಹಚ್ಚಿದಳು.

"ಎಣ್ಣೆ ಹಚ್ಚಿದ್ರೆ ಬೆಳಕು ಚರ್ಮದಲ್ಲಿ ಕೂರ್ತದೆ ದೊಡ್ಡಮ್ಮ. ಪೌಡರ್ ಹಾಕಿದ್ರೆ ಸತ್ತೇ ಹೋಗ್ತದೆ."

ಕ್ಯಾಮೆರಾದ ಪುಟ್ಟ ಪರದೆಯನ್ನು ತಿರುಗಿಸಿ ತೋರಿಸಿದಾಗ ದೊಡ್ಡಮ್ಮ ಬಗ್ಗಿ ನೋಡಿದಳು. ನೋಡುತ್ತಲೇ ಇದ್ದಳು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದಳು.

"ನಮ್ಮವ್ವ" ಎಂದಳು.

ಅವಳ ತಾಯಿಯ ಫೋಟೋ ಒಂದೂ ಇಲ್ಲ. ಕಾಡಿನಲ್ಲಿ ಜೇನು, ಸೌದೆ ಎಂದು ತಿರುಗಿದ ಹೆಂಗಸಿನ ಫೋಟೋ ಯಾರು ತೆಗೆಯುತ್ತಾರೆ? ದೊಡ್ಡಮ್ಮ ತನ್ನ ಮುಖದಲ್ಲಿ ತಾಯಿ ಇದ್ದಾಳೆಂದು ಕೇಳಿದ್ದಳೇ ಹೊರತು ಯಾವ ಫೋಟೋದಲ್ಲೂ ನೋಡಿರಲಿಲ್ಲ. ಪ್ರತಿ ಸಲವೂ ನಡುವೆ ಯಾರೋ ಸುಣ್ಣ ಬಳಿದಿದ್ದರು. ಆ ಮಧ್ಯಾಹ್ನ ನನಗೆ ಅಳು ಬಂತು. ಅಳುವುದೆಂದರೆ ನನಗಾಗದು, ಆದರೂ ಬಂತು.

ನಂತರದ ರಜೆಗಳಲ್ಲಿ ಅವಳು ಮಾತಾಡಿದಳು. ಬಂದ ಹೊಸತರಲ್ಲಿ ಇವಳನ್ನು ಲೇಬರ್ ರೂಮಿನ ಬಾಗಿಲಲ್ಲಿ ಕಂಡು ಮಂಗಳೂರು ಕಡೆಯ ಒಬ್ಬ ಬಸುರಿ, "ಅಯ್ಯೋ ಈ ಕಾಪ್ರಿಯನ್ನು ಹೊರಗೆ ಕಳಿಸಿ, ಇಂಡಿಯಾದವರು ಯಾರೂ ಇಲ್ವಾ" ಎಂದು ಆಫ್ರಿಕಾದವರಿಗೆ ಹಾಕುವ ಬೈಗುಳ ಹಾಕಿ ಕಿರುಚಿದಳಂತೆ. "ಉಸಿರು ಬಿಡು ತಂಗಿ, ಆಮೇಲೆ ಬೈಯೋಣ" ಎಂದು ದೊಡ್ಡಮ್ಮ ಕನ್ನಡದಲ್ಲಿ ಹೇಳಿದಾಗ ಅವಳಿಗೆ ನೋವೇ ಮರೆತುಹೋಯಿತಂತೆ. ಮಗು ಹುಟ್ಟಿದ ಮೇಲೆ ಕೇಳಿದ ಮೊದಲ ಪ್ರಶ್ನೆ ಮಗು ಹೆಣ್ಣೋ ಗಂಡೋ ಅಂತಲ್ಲ, "ನಿಮ್ಮದು ಯಾವ ಜಾತಿ?" ಇದನ್ನು ಹೇಳಿ ದೊಡ್ಡಮ್ಮ ನಕ್ಕಳು. ಈ ಊರಿನ ಎಷ್ಟೋ ಕನ್ನಡದ ಮಕ್ಕಳು ಮೊದಲು ಬಂದು ಬಿದ್ದದ್ದು ಅವಳ ಕೈಗೆ. ಅವರೆಲ್ಲ ಒಮ್ಮೆ ಇದನ್ನು ನೋಡಲಿ ಎನ್ನುವ ಆಸೆ ಅವಳಿಗಿತ್ತು.

ಅಲ್ಲೇ ಎಡವಟ್ಟಾಯಿತು. ಜನ ಸೇರಿಸಿ ದೊಡ್ಡ ಪರದೆಯ ಮೇಲೆ ತೋರಿಸಬೇಕೆಂದರೆ ಅನುಮತಿ ಬೇಕು, ಸಭಾಂಗಣ ಬೇಕು. ಅವೆರಡೂ ಇದ್ದದ್ದು ಕನ್ನಡ ಸಂಘದ ಕಮಿಟಿಯ ಕೈಯಲ್ಲಿ. ವಾರ್ಷಿಕೋತ್ಸವದಲ್ಲಿ 'ನಮ್ಮ ಸಾಧಕಿಯರು' ಎಂದು ಹಾಕುತ್ತೇವೆ ಎಂದು ಅವರು ಒಪ್ಪಿದರು. ಸಂಘದ ಸೆಕ್ರೆಟರಿ ಮುಸಫ್ಫಾದ ಯಾವುದೋ ಕಂಪನಿಯ ಆಫೀಸಿನಲ್ಲಿ ಕೆಲಸ ಮಾಡುವ ಮಂಗಳೂರಿನ ಗಂಡಸು, ಹವ್ಯಾಸಕ್ಕೆ ಮದುವೆ ವೀಡಿಯೋ ಎಡಿಟ್ ಮಾಡುವವನು. ನಮ್ಮ ಚಿತ್ರ ನೋಡಿ ಮೂಗಿನ ಮೇಲೆ ಬೆರಳಿಟ್ಟ.

"ಕಂಟೆಂಟ್ ಸೂಪರ್ ಮಾರಾಯ್ರೆ. ಆದ್ರೆ ಸ್ವಲ್ಪ ಡಾರ್ಕ್ ಆಯ್ತಲ್ಲ?"

"ಡಾರ್ಕ್ ಅಲ್ಲ, ಅವರ ಬಣ್ಣ ಅದು" ಎಂದೆ.

"ಅದು ಸರಿ, ಅದು ಸರಿ. ಒಂದು ಡ್ಯಾನ್ಸ್ ಇದ್ರೆ ಚೆಂದ ಇತ್ತು. ನಿಮ್ಮದು ಡೋಲು ಡ್ಯಾನ್ಸ್ ಉಂಟಲ್ಲ? ಜನ ಇಷ್ಟಪಡ್ತಾರೆ."

"ಅವರು ನರ್ಸ್. ಡ್ಯಾನ್ಸ್ ಮಾಡಿಲ್ಲ."

ಬಣ್ಣ ಮುಟ್ಟಬಾರದು ಎಂದು ನಾನು ಬಿಡಿಸಿ ಹೇಳಿದೆ, ಗೆಳತಿ ನನಗಿಂತ ಜೋರಾಗಿ ಹೇಳಿದಳು. "ಖಲಾಸ್, ಮುಟ್ಟುದಿಲ್ಲ, ಟೆನ್ಶನ್ ಮಾಡ್ಬೇಡಿ" ಎಂದು ಒಂದು ಪ್ರತಿ ಇಸಿದುಕೊಂಡ. ಹಾಗೆ ಹೇಳುವಾಗ ಅವನ ಮುಖದಲ್ಲಿದ್ದ ಔದಾರ್ಯ ನೆನೆದರೆ ಈಗಲೂ ಮೈ ಉರಿಯುತ್ತದೆ.

ಕಾರ್ಯಕ್ರಮ ಮುಸಫ್ಫಾದ ಒಂದು ಶಾಲೆಯ ಸಭಾಂಗಣದಲ್ಲಿ. ನಾನೂ ಗೆಳತಿಯೂ ಮೊದಲೇ ಹೋಗಿ ಮೇಲಿನ ಧ್ವನಿಯ ಕೋಣೆಯಲ್ಲಿ ಮೈಕು, ಸ್ಪೀಕರು ಎಂದು ಗುದ್ದಾಡುತ್ತಿದ್ದೆವು. ದೊಡ್ಡಮ್ಮ ಟ್ಯಾಕ್ಸಿಯಲ್ಲಿ ತಾನೇ ಬರುತ್ತೇನೆ ಎಂದಿದ್ದಳು. ಹೊತ್ತು ಕಳೆದರೂ ಅವಳು ಕಾಣದ್ದರಿಂದ ನಾನು ಕೆಳಗಿಳಿದು ಬಾಗಿಲಿಗೆ ಬಂದೆ.

ಬಾಗಿಲಲ್ಲಿ ನಮ್ಮ ಸಭೆಗಳಲ್ಲಿ ಇರುವ ಹಾಗೆ ಮೇಜು, ಪನ್ನೀರು, ಕುಂಕುಮ, ಕಲ್ಲುಸಕ್ಕರೆ. ರೇಷ್ಮೆ ಲಂಗ ತೊಟ್ಟ ಹುಡುಗಿಯರು ಬಂದವರಿಗೆಲ್ಲ ಪನ್ನೀರು ಚಿಮುಕಿಸುತ್ತಿದ್ದರು. ಮೇಜಿನ ಪಕ್ಕದಲ್ಲೇ ಆಳೆತ್ತರದ ಬ್ಯಾನರ್. ಅದರಲ್ಲೊಬ್ಬಳು ಹೆಂಗಸು. ಗೋಧಿ ಬಣ್ಣ, ನುಣುಪು ಕೆನ್ನೆ, ಗುಲಾಬಿ ತುಟಿ. ಇವಳು ಯಾರಪ್ಪ ಎಂದು ಎರಡು ಹೆಜ್ಜೆ ಮುಂದೆ ಹೋಗಿದ್ದೆ. ಆಗ ದೊಡ್ಡಮ್ಮ ಯಾವಾಗಲೂ ಹಾಕಿಕೊಳ್ಳುವ ಕೊರಳಿನ ಶಿಲುಬೆ ಕಂಡಿತು, ಹಿಂದೆ ನಾವು ಗೋಡೆಗೆ ಹೊದಿಸಿದ್ದ ಕಂದು ಕಂಬಳಿ ಕಂಡಿತು.

ವಾಕರಿಕೆ ಬಂತು. ಅಲಂಕಾರಕ್ಕೆ ಹೇಳುತ್ತಿಲ್ಲ, ನಿಜವಾಗಿಯೂ ಬಾಯಲ್ಲಿ ಹುಳಿನೀರು ಬಂತು.

"ಈ ಅಜ್ಜಿ ಬಂದ್ರಾ?" ಎಂದು ಬ್ಯಾನರ್ ತೋರಿಸಿ ಹುಡುಗಿಯನ್ನು ಕೇಳಿದೆ.

"ನೋ ಆಂಟಿ, ನಾಟ್ ಯೆಟ್. ವಿ ಆರ್ ವೇಟಿಂಗ್ ಫಾರ್ ಹರ್."

"ಸೀರೆ ಉಟ್ಟ, ನನ್ನ ಹಾಗಿರುವ ಯಾರಾದ್ರೂ?"

ಹುಡುಗಿ ನನ್ನ ಮುಖ ನೋಡಿದಳು. "ಓ, ದಟ್ ಲೇಡಿ? ಡ್ಯಾನ್ಸರ್ಸ್ ಗ್ರೀನ್ ರೂಮ್ ಆ ಕಡೆ ಅಂತ ಅಂಕಲ್ ಕಳಿಸಿದ್ರು."

ಡ್ಯಾನ್ಸರ್ಸ್! ನನಗೆ ತಲೆಬುಡ ತಿಳಿಯಲಿಲ್ಲ. ಗ್ರೀನ್ ರೂಮಿಗೆ ಓಡಿದರೆ ಅಲ್ಲಿ ಗರಿಯ ಲಂಗ ಕಟ್ಟಿಕೊಂಡು, ಕೆನ್ನೆಗೆ ಬಿಳಿ ಚುಕ್ಕಿ ಇಟ್ಟುಕೊಂಡ ಕೆಲವು ಹೆಂಗಸರು ಕೂತಿದ್ದರು. ಹೋಟೆಲಿನಲ್ಲಿ ಕುಣಿಯುವ ಕೀನ್ಯಾದ ಹೆಂಗಸರು. 'ಸಿದ್ದಿ ನೃತ್ಯ'ಕ್ಕೆ ಸಿದ್ದಿಗಳು ಸಿಗಲಿಲ್ಲವೆಂದು ಕಮಿಟಿ ಇವರನ್ನು ಗೊತ್ತುಮಾಡಿತ್ತು. ಯಾವ ಸಿದ್ದಿಯೂ ಜನ್ಮದಲ್ಲಿ ಕಟ್ಟದ ಗರಿಯನ್ನು ಕಟ್ಟಿಸಿತ್ತು. ಪಾಪ, ಅವರಿಗೇನು ಗೊತ್ತು, ಹೇಳಿದ್ದನ್ನು ಹಾಕಿಕೊಂಡು ಬಂದಿದ್ದರು. ಅವರ ನಡುವೆ, ಇದ್ದ ಒಂದೇ ಒಳ್ಳೆಯ ಕುರ್ಚಿಯಲ್ಲಿ, ಹಸಿರು ಮೈಸೂರು ಸಿಲ್ಕ್ ಉಟ್ಟು ದೊಡ್ಡಮ್ಮ ಕೂತಿದ್ದಳು. ಕೈಯಲ್ಲಿ ಅವರು ಕೊಟ್ಟ ಚಹಾ. ಮುಖ ತೊಳೆದು ಎಣ್ಣೆ ಹಚ್ಚಿಕೊಂಡು ಬಂದಿದ್ದಳು.

"ಇಲ್ಲಿ ಕೂಡು ಅಂದ್ರು, ಕೂತೆ" ಎಂದಳು. "ಈ ಹುಡುಗ್ಯಾರು ಭಾಳ ಚಲೋ ಅದಾರ."

ಬ್ಯಾನರಿನ ಸಂಗತಿ ಹೇಳಿ ಅವಳನ್ನು ಅಲ್ಲಿಂದಲೇ ಮನೆಗೆ ಕರೆದುಕೊಂಡು ಹೋಗಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಯಾರೋ ಕಾರ್ಯಕರ್ತ ಬಂದು, "ಫಿಲ್ಮ್ ಶುರುವಾಯ್ತು, ಯಲ್ಲಾ, ಯಲ್ಲಾ" ಎಂದು ಅವಸರಪಡಿಸಿ ಇಬ್ಬರನ್ನೂ ಮುಂದಿನ ಸಾಲಿಗೆ ನೂಕಿಕೊಂಡು ಹೋದ. ದೀಪ ಆರಿತು.

ಪರದೆಯ ಮೇಲೆ ಬ್ಯಾನರಿನ ಹೆಂಗಸು ದೊಡ್ಡಮ್ಮನ ಧ್ವನಿಯಲ್ಲಿ ಮಾತಾಡತೊಡಗಿದಳು. ಹಣೆಯ ಗೆರೆಗಳಿರಲಿಲ್ಲ. ಮೂಗಿನ ಹೊಳ್ಳೆಗಳ ಬದಿ ಬೆಳಕಿನಲ್ಲಿ ಕರಗಿಹೋಗಿತ್ತು. ಮೇಲಿನ ಕೋಣೆಯಿಂದ ಗೆಳತಿ ನನಗೆ ಮೆಸೇಜ್ ಹಾಕಿದಳು: "ಇದು ಮದುಮಗಳಿಗೆ ಹಾಕುವ ಸೆಟ್ಟಿಂಗ್. ನನಗೆ ಗೊತ್ತು, ದಿನಾ ನೋಡ್ತೇನೆ. ನಿಲ್ಲಿಸಿ ಅಂದ್ರೆ ಕೇಳ್ತಾ ಇಲ್ಲ." ಸಭೆ ಚಪ್ಪಾಳೆ ತಟ್ಟುತ್ತಿತ್ತು. ಲೇಬರ್ ರೂಮಿನ ಕತೆಗೆ ಎಲ್ಲರೂ ಬಿದ್ದುಬಿದ್ದು ನಕ್ಕರು. ನಗುವವರ ಜಾಗದಲ್ಲಿ ಇದ್ದೇವೋ ಬೈದವಳ ಜಾಗದಲ್ಲಿ ಇದ್ದೇವೋ ಎಂದು ಒಬ್ಬನೂ ಯೋಚಿಸಿದ ಹಾಗೆ ಕಾಣಲಿಲ್ಲ. ಪಕ್ಕದಲ್ಲಿ ದೊಡ್ಡಮ್ಮ ಅಲುಗಾಡದೆ ಕೂತಿದ್ದಳು. ಮುಗಿಯುವ ಹೊತ್ತಿಗೆ ನನ್ನ ಕಡೆ ತಿರುಗಿದಳು.

"ನಿನಗೂ ಹಿಡಿಸ್ಲಿಲ್ಲೇನೇ ನನ್ನ ಮುಖ?"

ನಾನು ಮಾಡಿದ್ದೆಂದೇ ಅವಳು ತಿಳಿದಿದ್ದಳು. ಮತ್ತೆ ಯಾರು ಮಾಡಿಯಾರು? ಮಾತು ಕೊಟ್ಟವಳು ನಾನು. ನಾನು ಉತ್ತರ ಕೊಡುವ ಮೊದಲೇ ನಿರೂಪಕಿ ಅವಳ ಹೆಸರು ಕೂಗಿ ಸನ್ಮಾನಕ್ಕೆ ಕರೆದಳು. ದೊಡ್ಡಮ್ಮ ಎದ್ದು ಮೆಟ್ಟಿಲು ಹತ್ತಿದಳು. ನಿರೂಪಕಿ ಇನ್ನೂ ಅವಳ ತಲೆಯ ಮೇಲಿಂದ ಸಭೆಯ ಹಿಂದಿನ ಸಾಲುಗಳನ್ನು ಹುಡುಕುತ್ತಾ, "ದಯವಿಟ್ಟು ವೇದಿಕೆಗೆ ಬರಬೇಕು, ಎಲ್ಲಿದ್ದೀರಿ ಅಮ್ಮ" ಎನ್ನುತ್ತಲೇ ಇದ್ದಳು. ಎದುರಿಗೆ ಬಂದು ನಿಂತ ಕಪ್ಪು ಹೆಂಗಸಿಗೆ, ಸ್ವಲ್ಪ ತಡೆಯಿರಿ ಎನ್ನುವಂತೆ ಕೈ ತೋರಿಸಿದಳು. ಕೊನೆಗೆ ಅಧ್ಯಕ್ಷರಿಗೆ ಹೊಳೆದು, ಹಲ್ಲು ಕಿರಿಯುತ್ತಾ ಶಾಲು ಬಿಚ್ಚಿಕೊಂಡು ಮುಂದೆ ಬಂದರು.

ದೊಡ್ಡಮ್ಮ ಶಾಲನ್ನು ಹೊದೆಯಲಿಲ್ಲ. ಕೈಯಲ್ಲಿ ತೆಗೆದುಕೊಂಡು, ಆಸ್ಪತ್ರೆಯ ಬಟ್ಟೆ ಮಡಚುವಂತೆ ನೀಟಾಗಿ ಮಡಚಿ ಹಣ್ಣಿನ ತಟ್ಟೆಯ ಮೇಲಿಟ್ಟಳು.

"ಪರದೆ ಮ್ಯಾಲೆ ಇದ್ದಾಕಿ ಇನ್ನೂ ಬಂದಿಲ್ಲ" ಎಂದಳು. "ಬಂದ್ರೆ ಕೊಡ್ರಿ." ಮೈಕಿಲ್ಲದೆ ಹೇಳಿದ್ದು, ಮುಂದಿನ ಸಾಲಿನವರಿಗಷ್ಟೇ ಕೇಳಿಸಿತು. ಹಿಂದಿದ್ದವರು ಚಪ್ಪಾಳೆ ತಟ್ಟಿದರು. ಅದಕ್ಕೆ ಸರಿಯಾಗಿ ಗರಿಯ ನೃತ್ಯದ ಹಾಡು ಶುರುವಾಯಿತು.

ಸೆಕ್ರೆಟರಿಯನ್ನು ಪಾರ್ಕಿಂಗಿನಲ್ಲಿ ಹಿಡಿದು ಮುಖಕ್ಕೆ ಮಂಗಳಾರತಿ ಎತ್ತಿದೆ. ಅವನಿಗೆ ಸಿಟ್ಟಿರಲಿ, ನಾಚಿಕೆಯೂ ಇರಲಿಲ್ಲ, ನಿಜವಾಗಿಯೂ ನೊಂದುಕೊಂಡ.

"ರಜೆ ದಿನ ಪೂರ್ತಿ ಕೂತು ಮಾಡಿದ್ದು ಮಾರಾಯ್ತಿ. ನಂಗೆಂತ ಲಾಭ? ದೊಡ್ಡ ಸ್ಕ್ರೀನಲ್ಲಿ ಅವರು ಚೆಂದ ಕಾಣ್ಬೇಕು ಅಂತಲೇ ಅಲ್ವಾ? ನನ್ನ ಸ್ವಂತ ತಂಗಿ ಮದುವೆಗೂ ಇದನ್ನೇ ಹಾಕಿದ್ದು."

ಪೌಡರ್ ಡಬ್ಬಿ ಹಿಡಿದ ಟೀಚರ ಅದೇ ಖುಷಿ, ಅದೇ ಪ್ರೀತಿ. ದ್ವೇಷ ಇದ್ದಿದ್ದರೆ ಎದುರು ನಿಂತು ಜಗಳವಾಡಬಹುದಿತ್ತು. ಈ ಪ್ರೀತಿಯನ್ನು ಏನು ಮಾಡುವುದು? ನನಗೆ ಹೇಸಿಗೆ ಆಗುವುದು ಇದಕ್ಕೇ. ಅವನ ಜೊತೆ ಮಾತು ಮುಗಿಸಿ ಕೈ ತೊಳೆದುಕೊಳ್ಳಲು ನಲ್ಲಿ ಹುಡುಕಿದೆ.

ಗೆಳತಿಯ ಕಾರಿನಲ್ಲಿ ಎಸಿ ಹಾಕಿ, ಲ್ಯಾಪ್‌ಟಾಪ್ ತೆರೆದು, ನಮ್ಮ ಪ್ರತಿಯನ್ನು ದೊಡ್ಡಮ್ಮನಿಗೆ ತೋರಿಸಿದೆವು. ಕುಣಿತ ಮುಗಿಸಿ ಹೊರಬಂದ ಕೀನ್ಯಾದ ಹೆಂಗಸರು ತಮ್ಮ ವ್ಯಾನಿಗೆ ಕಾಯುತ್ತಾ ಕಿಟಕಿಯ ಹೊರಗಿನಿಂದ ಬಗ್ಗಿ ನೋಡಿದರು. "ದಿಸ್ ಒನ್ ಈಸ್ ಯೂ, ಮಾಮಾ" ಎಂದಳು ಒಬ್ಬಳು, ಕೆನ್ನೆಯ ಬಿಳಿ ಚುಕ್ಕಿಗಳನ್ನು ಒರೆಸಿಕೊಳ್ಳುತ್ತಾ. ದೊಡ್ಡಮ್ಮ ನನ್ನ ಮೊಣಕಾಲನ್ನು ಒಮ್ಮೆ ಹಿಡಿದು ಬಿಟ್ಟಳು. ಆಮೇಲೆ ಆ ವಿಷಯ ಎತ್ತಲಿಲ್ಲ. ಮುಂದಿನ ವಾರ ವೀಸಾ ಕ್ಯಾನ್ಸಲ್ ಆಯಿತು, ನಮ್ಮ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಊರಿಗೆ ಹೋದಳು.

ಅವಳಿಗಿಂತ ಮೊದಲೇ ಊರು ಮುಟ್ಟಿತ್ತು ಇನ್ನೊಂದು ಪ್ರತಿ, ಬೆಳ್ಳಗೆ ಮಾಡಿದ್ದು. ಸಂಘದವರು ವಾಟ್ಸಾಪಿನಲ್ಲಿ ಹರಿಬಿಟ್ಟದ್ದು ಯಾರದೋ ಗ್ರೂಪಿನಿಂದ ಯಾರದೋ ಗ್ರೂಪಿಗೆ ಹಾರಿ ಯಲ್ಲಾಪುರದ ಕಾಡಿಗೆ ಹೋಗಿತ್ತು. ತೆಗೆಯಿರಿ ಎಂದು ನಾನು ಕೇಳಿಕೊಂಡದ್ದಕ್ಕೆ ಬಂದದ್ದು ಒಂದು ಕೈಮುಗಿಯುವ ಚಿತ್ರ. ಆ ವೀಡಿಯೋ ಇವತ್ತಿಗೂ ಇದೆ.

ಮೊನ್ನೆ ದೊಡ್ಡಮ್ಮ ಫೋನ್ ಮಾಡಿದ್ದಳು. ಕೇರಿಯ ಇಗರ್ಜಿಯ ಗೋಡೆಗೆ ನಮ್ಮ ಚಿತ್ರ ಹಾಕಿ ತೋರಿಸಿದರಂತೆ. ಅವಳ ತಾಯಿಯನ್ನು ಕಂಡಿದ್ದ ಒಬ್ಬ ಮುದುಕಿ ಗೋಡೆಯ ಹತ್ತಿರ ಹೋಗಿ ಕೆನ್ನೆ ಮುಟ್ಟಿದಳಂತೆ. ಕೇಳಿ ನನ್ನ ಜೀವ ತಂಪಾಯಿತು. ಇಷ್ಟಾದರೂ ಆಯಿತಲ್ಲ ಎಂದೆ.

"ನನ್ನ ತಮ್ಮನ ಮೊಮ್ಮಗಳು ಇದಾಳಲ್ಲ" ಎಂದಳು ದೊಡ್ಡಮ್ಮ. "ಶಾಲೆಗೆ ಹೋಗೋ ಹುಡುಗಿ. ಬೆಳ್ಳಗೆ ಮಾಡಿದ್ದನ್ನ ಮೊಬೈಲಿನಾಗೆ ಸ್ಟೇಟಸ್ ಹಾಕಿಕೊಂಡಾಳ. ಅಜ್ಜಿ, ಅದರಾಗೆ ನೀ ಎಷ್ಟು ಚಂದ ಇದ್ದಿ, ಇದರಾಗೆ ಯಾಕೆ ಹಿಂಗ ಅಂತ ಕೇಳ್ತಾಳ. ನನಗೂ ಹಂಗ ಮಾಡ್ಸಿಕೊಡು ಅಂತಾಳ."

ನನಗೆ ಮತ್ತೆ ಅಳು ಬಂತು. ಬಾಯಲ್ಲಿ ಮತ್ತದೇ ಹುಳಿನೀರು.

"ರಜಾ ಯಾವಾಗ ನಿಂಗೆ?" ಎಂದಳು ದೊಡ್ಡಮ್ಮ. ಹೆರಿಗೆ ವಾರ್ಡಿನಲ್ಲಿ ಬಿಸಿನೀರು ತಾ ಎನ್ನುತ್ತಿದ್ದಿರಬಹುದಾದ ಧ್ವನಿ. "ಅಳಬ್ಯಾಡ, ಕೇಳು. ಆ ಬ್ಯಾರಿ ಹುಡುಗೀನ ಕರ್ಕೊಂಡು ಬಾ. ದೀಪ ತಗೊಂಡು ಬಾ, ಆ ಬೆಡ್‌ಶೀಟ್ ತಗೊಂಡು ಬಾ. ಎಣ್ಣೆ ಇಲ್ಲಿ ಐತಿ. ಇವಳ ಮುಖ ಇವಳಿಗೆ ಒಂದ್ಸಲ ತೋರಿಸ್ಬೇಕು."

ರಜೆಗೆ ಬರೆದು ಕೊಟ್ಟಿದ್ದೇನೆ. ಗೆಳತಿಯೂ ಕೊಟ್ಟಿದ್ದಾಳೆ. ಬೆಡ್‌ಶೀಟ್ ಒಗೆದು ಬಾಲ್ಕನಿಯಲ್ಲಿ ಒಣಹಾಕಿದ್ದೇನೆ.